ಬಲ್ದಿಯಾ

ಬೋರ್ಡು ಬದಲಾಗಿದೆ ನಾಲ್ಕು ಸಲ,
ಊರ ಬಾಯಿ ಬದಲಾಗಿಲ್ಲ.
ನಗರಸಭೆ ಎಂದರೆ ಆಟೋದವನು
ಒಂದು ಗಳಿಗೆ ಯೋಚಿಸುತ್ತಾನೆ.
ಬಲ್ದಿಯಾ ಅಂದರೆ ಸಾಕು,
ಯಾದಗಿರಿಯ ಯಾವ ಗಾಡಿಯೂ ಹೊರಡುತ್ತದೆ.

ಶಹಾಬಾದ ಕಲ್ಲಿನ ಮೆಟ್ಟಿಲು ನಡುವೆ ಸವೆದು
ಊಟದ ತಾಟಿನಷ್ಟು ತಗ್ಗು.
ಮಳೆ ಬಂದ ಮರುದಿನ ಗುಬ್ಬಿಗಳಿಗೆ ಅದೇ ಬಾವಿ.
ಎಷ್ಟೋ ಮಂದಿ ಹತ್ತಿದ್ದಾರೆ ಇಲ್ಲಿ,
ನಾಳೆ ಬಾ ಅನ್ನಿಸಿಕೊಂಡು
ಅಷ್ಟೇ ಮಂದಿ ಇಳಿದಿದ್ದಾರೆ.

ಬಾಗಿಲ ಚೌಕಟ್ಟಿನಲ್ಲಿ ಇನ್ನೂ ಹಾರೆಯ ಗಾಯ:
ಪೊಲೀಸ್ ಆಕ್ಷನ್ನಿನ ವಾರ
ಬೀಗ ಹಾಕಿ ಹೋದ ಗುಮಾಸ್ತ ತಿರುಗಿ ಬರಲಿಲ್ಲವಂತೆ.
ಹೊಸ ಸರಕಾರ ಒಳಗೆ ಬಂದದ್ದು ಅಗಳಿ ಮುರಿದು.
ಕೀಲಿ ಯಾವ ಊರಿನ ಯಾವ ಗೂಡಿನಲ್ಲಿದೆಯೋ.

ನಾನು ಹುಟ್ಟಿದ್ದು ಸೊಲ್ಲಾಪುರದ ಗಿರಣಿ ಚಾಳಿನಲ್ಲಿ.
ಮಗಳ ಸೀಟಿಗೆ ಈಗ ಪುರಾವೆ ಬೇಕು,
ನಾವು ಈ ಕಡೆಯವರೇ ಎಂದು.
ಅಪ್ಪನದಿಲ್ಲವಾದರೆ ಅಜ್ಜನದಾದರೂ ತಾ, ಎಂದರು.

ದಫ್ತರುಗಳೆಲ್ಲ ಉರ್ದು.
ಓದಲು ಬಲ್ಲವರು ಒಬ್ಬರೇ,
ಪಿಂಚಣಿಯ ದಸ್ತಗೀರ ಮಾಸ್ತರರು.
ಅವರ ಬೆರಳು ಬಲದಿಂದ ಎಡಕ್ಕೆ ನಡೆಯಿತು,
ನನ್ನ ಕಣ್ಣು ಎಡದಿಂದ ಬಲಕ್ಕೆ.
ಎರಡು ಚಹಾ ಆರಿಹೋದವು.
ಫಸಲಿ ಸಾವಿರದ ಮುನ್ನೂರ ನಲವತ್ತೈದು.
"ಐನೂರಾ ತೊಂಬತ್ತು ಕೂಡಿಸ್ಕೊಳ್ಳಮ್ಮ, ನಿಮ್ಮ ಲೆಕ್ಕ ಸಿಗ್ತದ."

ಬೀದಿದೀಪ ಮೂವತ್ತೊಂದು.
ಎಣ್ಣೆ ಇಷ್ಟು ಸೇರು, ಬತ್ತಿ ಇಷ್ಟು ಮೊಳ.
ಒಡೆದ ಗಾಜಿಗೂ ಒಂದು ಸಾಲು ಇತ್ತು,
ಹಚ್ಚಿದವನಿಗೆ ಇರಲಿಲ್ಲ.
ಹಾಳೆ ಹಾಳೆಗೂ ಬರೀ 'ಚಿರಾಗ್‌ವಾಲಾ'.

ಮಾಸ್ತರರ ಬೆರಳು ನಿಂತದ್ದು ಜುರ್ಮಾನೆಯ ಪುಸ್ತಕದಲ್ಲಿ:
"ಸಾಬಣ್ಣ ವಲ್ದ್ ತಾಯಪ್ಪ, ಸಾಕೀನ್ ಯಾದಗೀರ್.
ಕಂದೀಲಿನ ಗಾಜು ಒಡೆದದ್ದಕ್ಕೆ
ದಂಡ ಹಾಲಿ ಎರಡಾಣೆ."
ಕೆಳಗೆ ಎಡಗೈ ಹೆಬ್ಬೆಟ್ಟು.
ಅದು ಮಸಿಯೋ, ಕಂದೀಲ ಕಾಡಿಗೆಯೋ.

ಸಾಕೀನ್ ಅಂದರೆ?
"ಇಲ್ಲೇ ಇರೋವ," ಎಂದರು ಮಾಸ್ತರ,
ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸುತ್ತ.

ತಾತ, ಆ ಸಂಜೆ ನಿನ್ನ ಕೈ ನಡುಗದೆ ಇದ್ದರೆ
ಈ ಊರಿನಲ್ಲಿ ನೀನು ಇರಲೇ ಇಲ್ಲ.

ಕಿಟಕಿಯ ಹುಡುಗ ಪುಸ್ತಕ ತಿರುವಿ ನೋಡಿದ,
ಪಾಪ, ಒಳ್ಳೆಯವನೇ.
"ದಂಡದ ಬುಕ್ಕು ದಾಖಲೆ ಆಗ್ತದೋ ಇಲ್ಲೋ,
ಸಾಹೇಬರನ್ನ ಕೇಳಬೇಕ್ರಿ. ನಾಳೆ ಬರ್ರಿ."

ಇಳಿದೆ. ತಗ್ಗಿನಲ್ಲಿ ಹೆಜ್ಜೆ ತಾನಾಗಿ ಕೂತಿತು.
ಗೇಟಿನ ಬದಿಗೆ ತಲೆ ಕಡಿದ ಕಬ್ಬಿಣದ ಕಂಬ,
ಯಾರೋ ಆಡು ಕಟ್ಟಿದ್ದರು.
ಮುಟ್ಟಿದೆ.
ಬಿಸಿಲಿಗೆ ಕಾದು ಸುಡುತ್ತಿತ್ತು.