ನಾಲ್ಕನೇ ಹಾಳೆ

ಅರಸೀಕೆರೆ, ಪೇಟೆಬೀದಿ, ಕೊಬ್ಬರಿ ಶೆಟ್ಟರ ಮನೆ.
ಟೇಪಿನ ಒಂದು ತುದಿ ಬುಡೇನ್ ಸಾಬರ ಕೈಲಿ,
ಇನ್ನೊಂದು ನನ್ನ ಕೈಲಿ.
‘ಎರಡಡಿ ಎಂಟಂಗುಲ!’
ಅವರು ಕೂಗಿದ್ದು ತೊಟ್ಟಿ ದಾಟಿ ಬಂತು.
ಇದು ತಲೆಬಾಗಿಲು. ಸೇರು ಒದ್ದು ಒಳಬಂದ
ನಾಲ್ಕು ತಲೆಮಾರಿನ ಸೊಸೆಯರಿಗೆ ಇಷ್ಟು ಸಾಕಾಗಿತ್ತು.
ಸ್ಟ್ರೆಚರಿಗೆ ನಾಲ್ಕಡಿ ಬೇಕು.

ಹೊಸಿಲು ಅರ್ಧ ಅಡಿ ಎತ್ತರ. ಹಲಸಿನ ಮರ.
ನಮಸ್ಕಾರ ಮಾಡಿ ದಾಟಲು ಗಾಲಿಗೆ ಬರುವುದಿಲ್ಲ.
ನಕ್ಷೆಯಲ್ಲಿ ಇದ್ದದ್ದಕ್ಕೆ ಕಪ್ಪು, ಹೊಸದಕ್ಕೆ ಕೆಂಪು,
ಕೆಡವುವುದಕ್ಕೆ ಹಳದಿ.
ಇಲಾಖೆಯ ನಿಯಮ, ಯಾರ ಮೇಲಿನ ಸಿಟ್ಟೂ ಅಲ್ಲ.
ಹೊಸಿಲಿಗೆ ಹಳದಿ ಗೆರೆ ಎಳೆದೆ.
ಅದು ಎಂದಿನಿಂದಲೋ ಹಳದಿಯೇ ಇತ್ತು.

ಬಾಣಂತಿ ಕೋಣೆಗೆ ಕಿಟಕಿಯಿಲ್ಲ.
ಗೋಡೆ ಎರಡೂಮುಕ್ಕಾಲು ಅಡಿ ದಪ್ಪ.
‘ಇಂಥ ಕತ್ತಲೆಗೆ ಈಗ ದುಡ್ಡು ಕೊಡಬೇಕು ಕಣಮ್ಮ’
ಅಂದರು ಡಾಕ್ಟರು,
ಎಕ್ಸ್‌ರೇ ಮೆಷಿನ್ನಿನ ಅಳತೆ ಚೀಟಿ ಕೊಡುತ್ತಾ.
ಹನ್ನೊಂದು ಕೂಸುಗಳು ಕಣ್ಣು ಬಿಟ್ಟ ಜಾಗ.
ಇನ್ನು ಅಲ್ಲಿ ಮೂಳೆ ಕಾಣುತ್ತದೆ.

ಅಟ್ಟದ ಮೇಲೆ ಕಾಯಿ
ಹನ್ನೊಂದು ತಿಂಗಳು ಒಣಗುತ್ತಿತ್ತಂತೆ.
ಹಿರೀ ಶೆಟ್ಟರು ಒಂದೊಂದನ್ನೂ ಕಿವಿಗೆ ಹಿಡಿದು ಅಲ್ಲಾಡಿಸಿ
ಉಂಡೆ ಬಿಟ್ಟುಕೊಂಡಿದೆಯೋ, ಇನ್ನೂ ನೀರಿದೆಯೋ
ಕೇಳಿಸಿಕೊಂಡೇ ಕೆಳಗಿಳಿಸುತ್ತಿದ್ದರಂತೆ.
ಅದು ಹೆಂಗಸರ ವಾರ್ಡು, ಎಂಟು ಮಂಚ.
ಸುಣ್ಣ ಮೂರು ಕೋಟು ಹೊಡೆದರೂ ಎಣ್ಣೆ ಮೇಲೇಳುತ್ತದೆ
ಅಂತ ನನಗೆ ಚಿಂತೆ.
‘ಏಳಲಿ ಬಿಡಿ ಮೇಡಂ,
ಆಸ್ಪತ್ರೆ ವಾಸನೆಗಿಂತ ವಾಸಿ’ ಅಂದರು ಸಾಬರು.

ಮೂರು ಹಾಳೆ ಮುಗಿದವು. ನಾಲ್ಕನೆಯದು ನಿಂತಿತು.
ಮುಂದಿನ ಬೀದಿಯಲ್ಲಿ ಮಂಡಿ ಲಾರಿಗಳು,
ಆಂಬುಲೆನ್ಸ್ ನಿಲ್ಲಲು ಜಾಗವಿಲ್ಲ.
ಹಿಂದೆ ಉತ್ತರಕ್ಕೆ ಓಣಿಯಿದೆ. ಆದರೆ ಆ ಕಡೆ
ಬಾಗಿಲಿಲ್ಲ, ಬರೀ ಮಣ್ಣಿನ ಗೋಡೆ.
ಸಾಬರು ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋದರು,
ಒಂದು ಕಡೆ ನಿಂತರು.
‘ಇಲ್ಲಿ ಗೋಡೆ ಬೇರೆ ಮಾತಾಡುತ್ತೆ.’

ಗಾರೆ ಕೆರೆದರೆ ಸುಟ್ಟ ಇಟ್ಟಿಗೆ.
ಮೂರೂವರೆ ಅಡಿ ಅಗಲದ ತೇಪೆ.
ಚೌಕಟ್ಟಿನ ಗುರುತಿಲ್ಲ, ಹಾಗಾಗಿ ಬಾಗಿಲಲ್ಲ.
ನೆಲದಿಂದಲೇ ಶುರು, ಹಾಗಾಗಿ ಕಿಟಕಿಯೂ ಅಲ್ಲ.

ಮನೆ ಬಿಟ್ಟುಕೊಟ್ಟ ಅಲಮೇಲಮ್ಮ
ಹಾಳೆ ನೋಡಲು ಬಂದಿದ್ದರು.
ಸ್ಕೂಲು ನಡೆಸಿದ ಹೆಂಗಸು,
ನಕ್ಷೆಯನ್ನು ಉತ್ತರಪತ್ರಿಕೆಯ ಹಾಗೆ ದೂರ ಹಿಡಿದು ಓದುವವರು.
ಕನ್ನಡಕ ತೆಗೆದು ಗೋಡೆ ನೋಡಿದರು.
‘ಅದು ನಮ್ಮ ಕನಕವಲ್ಲಿ ಅತ್ತೆ ಹೋದ ದಾರಿ.
ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲು, ಆ ಜ್ವರದ ವರ್ಷ.
ಹೋದದ್ದು ಧನಿಷ್ಠಾ ನಕ್ಷತ್ರದಲ್ಲಿ.
ತಲೆಬಾಗಿಲಿಂದ ಒಯ್ಯುವ ಹಾಗಿಲ್ಲ ಅಂದರು.
ಡಾಕ್ಟರು ಹಾಸನದಲ್ಲಿ. ಮೂರು ದಿನ ಗಾಡಿ ಕಟ್ಟಲು
ಒಬ್ಬರೂ ಬರಲಿಲ್ಲ.
ಗೋಡೆ ಒಡೆಯೋದಕ್ಕೆ
ಅರ್ಧ ಗಂಟೆಯಲ್ಲಿ ಜನ ಸಿಕ್ಕರು.’

ಯಾರೂ ಮಾತಾಡಲಿಲ್ಲ.
ತಾಳಗುಪ್ಪದ ಗಾಡಿ ಕೂಗಿ ಹೋಯಿತು.
ನಾನು ಹಾಳೆ ಸುತ್ತತೊಡಗಿದೆ,
ಬೇರೆ ಎಲ್ಲಾದರೂ ನೋಡೋಣ ಅಂತ.

‘ಎಷ್ಟಗಲ ಬೇಕು?’
‘ಐದಡಿ, ಅಮ್ಮ.’
‘ಅವಳಿಗೆ ಮೂರೂವರೆ ಕೊಟ್ಟಿದ್ದರು.
ಹೊಸಿಲು ಇಡ್ತೀಯಾ?’
‘ಇಲ್ಲ. ಇಳಿಜಾರು.’
‘ಹಾಗೇ ಇರಲಿ. ಓಡಿ ಬರೋವರು ಎಡವಬಾರದು.’

ರಾತ್ರಿ ಲಾಡ್ಜಿನ ಮೇಜಿನ ಮೇಲೆ
ನಾಲ್ಕನೇ ಹಾಳೆ ಬಿಡಿಸಿದೆ.
ಇಲಾಖೆಯವರು ಕೇಳಿಯೇ ಕೇಳುತ್ತಾರೆ:
ಇದು ಮೊದಲೇ ಇದ್ದ ಬಾಗಿಲೋ, ಹೊಸದೋ?
ಇದ್ದದ್ದಕ್ಕೆ ಕಪ್ಪು, ಹೊಸದಕ್ಕೆ ಕೆಂಪು.

ಎರಡೂ ಪೆನ್ನಿನ ಮುಚ್ಚಳ ತೆಗೆದಿಟ್ಟು ಕೂತಿದ್ದೇನೆ.
ಬೆಳಗ್ಗೆ ಆರಕ್ಕೇ ಬರುತ್ತಾರಂತೆ ಸಾಬರು,
ಬಿಸಿಲೇರುವ ಮೊದಲು
ಆ ಇಟ್ಟಿಗೆ ಬಿಚ್ಚಲು.