ಹೆಪ್ಪು

ಕೀಳಿಸಿದ್ದು ಒಂದೇ ಹಲ್ಲು.
ಅದರ ನಂಜಿಗೆ ಹತ್ತು ದಿನ ಕೆಂಪು ಮಾತ್ರೆ.
ಆಮೇಲೆ ಸೋಮವಾರ ಪೇಟೆಯ ನಮ್ಮ ವಾಡೆಯಲ್ಲಿ
ಹಗಲು ಆರು ಸಲ, ರಾತ್ರಿ ಎಂಟು ಸಲ
ಅಂಗಳ ದಾಟಿ ಕಕ್ಕಸಿಗೆ ಓಡುವ ಹೆಂಗಸು ನಾನು.
ಬಳೆ ಮೊಣಕೈತನಕ ಜಾರತೊಡಗಿದವು.

ಡಾಕ್ಟರ್ ಸಹಸ್ರಬುದ್ಧೆ ಚೀಟಿಯ ಬೆನ್ನಿಗೆ ಚಿತ್ರ ಬರೆದರು:
ಕರುಳೆಂದರೆ ಬರೀ ಕೊಳವೆಯಲ್ಲ ಬಾಯಿ, ಊರು.
ನಾರು ಒಡೆದು ಗೋಡೆಗೆ ಉಣಿಸುವವರು,
ಹಗಲಿರುಳು ಗಸ್ತು ತಿರುಗುವವರು,
ಏನೂ ಮಾಡದೆ ಕಟ್ಟೆಯ ಮೇಲೆ ಜಾಗ ಹಿಡಿದು ಕೂತವರು.
ಆ ಕೂತವರೂ ಬೇಕು.
ಕಟ್ಟೆ ಖಾಲಿ ಕಂಡರೆ ಕಳ್ಳ ಬಂದು ಕೂರುತ್ತಾನೆ.

ಮಾತ್ರೆ ಕಳ್ಳ ಯಾರು ಸಾಚಾ ಯಾರು ನೋಡಲಿಲ್ಲ,
ಊರನ್ನೇ ಗುಡಿಸಿತು.
ಉಳಿದವನು ಒಬ್ಬ, ಬೀಜದೊಳಗೆ ಬೀಜವಾಗಿ ಅಡಗಿದವನು.
ಅವನಿಗೆ ಇನ್ನೊಂದು ಮಾತ್ರೆ. ಸತ್ತ. ಎದ್ದ.
ಹೀಗೆ ಮೂರು ಸಲ.

'ವಿರಜಣ' ಅಂದರು ಡಾಕ್ಟರು ಕೊನೆಗೆ.
ಹೆಪ್ಪು! ಹಾಲಿಗೆ ಹಾಕುತ್ತೇವಲ್ಲ, ಹಾಗೆ,
ಗಟ್ಟಿ ಆಳಿನ ಹೊಟ್ಟೆಯಿಂದ ನನ್ನ ಹೊಟ್ಟೆಗೆ.
ಮಲ ಎಂಬ ಮಾತು ಬಂದಾಗ ಅವರು ಕಿಟಕಿ ನೋಡಿದರು,
ನಾನು ನನ್ನ ಚಪ್ಪಲಿ.

ಗಂಡನದು ನಡೆಯಲಿಲ್ಲ, ಎದೆಯುರಿಗೆ ದಿನಾ ಗುಳಿಗೆ ನುಂಗುವವನು.
ಮಗನಿಗೆ ಹೋದ ತಿಂಗಳಷ್ಟೇ ಜ್ವರದ ಇಂಜೆಕ್ಷನ್.
ಉಳಿದವಳು ಪ್ಲೈವುಡ್ ಗೋಡೆಯ ಆಚೆಯವಳು,
ವಾರಗಿತ್ತಿ, ಭಾಗಕ್ಕ.

ಹತ್ತೊಂಬತ್ತು ವರ್ಷದ ಹಿಂದೆ
ಅತ್ತೆಯ ತಾಮ್ರದ ಬಂಬಿನ ಸಲುವಾಗಿ ಒಲೆ ಎರಡಾದವು.
'ನಿನ್ನ ಹೊಟ್ಟಿಕಿಚ್ಚಿಗೆ ಕಟಗಿನ ಬ್ಯಾಡ, ನೀರ ತಾನ ಕಾಯ್ತಾವ'
ಅಂದಿದ್ದಳು, ಇಡೀ ವಾಡೆಗೆ ಕೇಳುವಂತೆ.
ಅಂದಿನಿಂದ ಒಂದು ಬಟ್ಟಲೂ ಈಚೆಯಿಂದ ಆಚೆ ದಾಟಿಲ್ಲ.
ಹೆಪ್ಪು ತೀರಿದ ದಿನ ಮಳೆಯಲ್ಲೂ
ನಾಲ್ಕು ಮನೆ ಬಿಟ್ಟು ತಾಂಬೆಬಾಯಿಯ ಬಾಗಿಲಿಗೆ ಹೋಗಿದ್ದೇನೆ.

ನನ್ನ ಗಂಡ ಹೋಗಿ ಕೇಳಿದ. ನಾನು ಗೋಡೆಗೆ ಕಿವಿ ಹಚ್ಚಿದೆ.
ರೊಟ್ಟಿ ಬಡಿಯುವ ಸಪ್ಪಳ ನಿಂತಿತು.
ಬಹಳ ಹೊತ್ತು ನಿಂತೇ ಇತ್ತು.
'ಡಬ್ಬಿ ಅವರ ಕೊಡ್ತಾರೋ, ನಾ ತರಬೇಕೋ?'

ರಕ್ತ ತೆಗೆದರು, ಮೂರು ಪುಟ ಪ್ರಶ್ನೆ ಕೇಳಿದರು.
ಔಷಧ? ಶುಂಠಿ ಕಷಾಯ.
ಪರವೂರು? ಪಂಢರಪುರ. ಹೇಗೆ? ನಡೆದು.
'ಉತ್ತಮ' ಅಂತ ಬರೆದರಂತೆ ಕೊನೆಗೆ.
ಆ ಒಂದು ಪದಕ್ಕೂ ನನ್ನ ಖಾಲಿ ಹೊಟ್ಟೆ ಉರಿಯಿತು.

ಬೆಳಗಿನ ಆರಕ್ಕೆ ರಿಕ್ಷಾದಲ್ಲಿ,
ಡಬ್ಬಿ ಮಡಿಲಲ್ಲಿಟ್ಟು ಸೆರಗು ಮುಚ್ಚಿ,
ಪ್ರಸಾದ ತರುವವಳ ಹಾಗೆ ಬಂದಳಂತೆ.
ಲ್ಯಾಬಿನ ಹುಡುಗಿ ಉಪ್ಪುನೀರಲ್ಲಿ ಕದಡಿ ಸೋಸಿದಳು.
ನಾನು ಮಂಪರಿನಲ್ಲಿದ್ದೆ.
ಅವಳ ಬಿಳಿಜೋಳ, ಅವಳ ಅಗಸಿ ಹಿಂಡಿ ಉಂಡು ಬೆಳೆದವರು
ಕೋಟಿ ಕೋಟಿ ಮಂದಿ, ಒಬ್ಬರನ್ನೂ ನನಗೆ ಗೊತ್ತಿಲ್ಲ,
ಆ ಕತ್ತಲಲ್ಲಿ ಗಂಟುಮೂಟೆ ಇಳಿಸಿ ಒಲೆ ಹೂಡಿದರು.

ನಾಲ್ಕನೆಯ ದಿನ ಗಟ್ಟಿಯಾಯಿತು.
ಪದ್ಯದಲ್ಲಿ ಇಂಥದ್ದು ಹೇಳಬಾರದೇನೋ.
ಗಟ್ಟಿಯಾಯಿತು. ಕಕ್ಕಸಿನಲ್ಲೇ ಕೂತು ಅತ್ತೆ.

ಕ್ಷಮಿಸು ಅನ್ನುವುದಕ್ಕೆ ನಮ್ಮವರು
ಹೊಟ್ಟೆಗೆ ಹಾಕಿಕೋ ಅನ್ನುತ್ತಾರೆ.
ಹಾಕಿಕೊಂಡೆನಲ್ಲ, ಇದಕ್ಕಿಂತ ಹೇಗೆ?
ಆದರೂ ಬಂಬಿನ ಮಾತು ನಮ್ಮಿಬ್ಬರ ನಡುವೆ ಇನ್ನೂ ಬಂದಿಲ್ಲ.
ಮೊನ್ನೆ ನಲ್ಲಿಯ ಹತ್ತಿರ ಕೊಡಕ್ಕೆ ಕೊಡ ತಾಗಿ
ಇಬ್ಬರೂ ಮೋರೆ ತಿರುವಿದೆವು.

ನಿನ್ನೆ ಬೆಕ್ಕು ಮೊಸರಿನ ಗಡಿಗೆ ಉರುಳಿಸಿತು.
ತಾಂಬೆಬಾಯಿಯ ಮನೆಗೆ ಬೀಗ.
ಬಟ್ಟಲು ಹಿಡಿದು ಪ್ಲೈವುಡ್ ಬಡಿದೆ:
ಭಾಗಕ್ಕಾ, ಒಂಚೂರು ಹೆಪ್ಪು.

ಒಳಗಿನಿಂದ, ರೊಟ್ಟಿಯ ಸಪ್ಪಳ ನಿಲ್ಲಿಸದೆ:
'ಇನ್ನೂ ಎಷ್ಟ ಕೊಡ್ಲೇ ನಿನಗ?'