ಹಸಿ ಸೌದೆ

ಗುಲ್ ಜಮಾನ್ ಮೊದಲು ಮರವನ್ನೇ ಮಾತಾಡಿಸಿದ,
ಕೊಡಲಿಯ ಹಿಂಬದಿಯಿಂದ ತಟ್ಟಿ, ಕಿವಿಯಿಟ್ಟು.
"ಬುಡ ಟೊಳ್ಳು. ಗಾಳಿಯೆದ್ದರೆ ನಿಮ್ಮ ಕಾರಿನ ಮೇಲೇ."
ಅರವತ್ತು ರಿಯಾಲ್; ಸೌದೆ ಅವನಿಗೆ ಬಿಟ್ಟರೆ ನಲವತ್ತೈದು.
ಬಿಡಲಿಲ್ಲ ನಾನು.

ಹಗ್ಗ ಹಿಡಿದು ಇಳಿದವು ಕೊಂಬೆಗಳು.
ಸೊಹಾರಿನ ಬಿಸಿಲು ಮೊದಲ ಸಲ
ಅಡುಗೆಮನೆಯ ಸಿಂಕಿನವರೆಗೂ ಬಂತು.

ಏಸಿಯ ಬಿಸಿಯುಸಿರಿನ ಪಕ್ಕ
ಒಟ್ಟಿದೆವು ಬೋರೆಯ ತುಂಡುಗಳನ್ನು.
ಒಲೆಯೇ ಇಲ್ಲದ ಮನೆಗೆ ಯಾಕಿದು, ಅಂದರು ಇವರು.
ಅಂಗೈಗೆ ನೆಟ್ಟ ಮುಳ್ಳು ಕೀಳುತ್ತ ಸುಮ್ಮನಿದ್ದೆ.

ಹೊರಡುವಾಗ ಗುಲ್ ಜಮಾನ್:
"ಹಸಿ ಇದೆ ಬೆಹೆನ್‌ಜೀ, ಈಗ ಹಚ್ಚಿದರೆ ಬರೀ ಹೊಗೆ.
ಮುಂದಿನ ಚಳಿಗಾಲಕ್ಕೆ ಆದೀತು."
ಇವರು ಬೆರಳು ಮಡಚಿದರು.
ವೀಸಾ ಮುಗಿಯುವುದು ಆಗಸ್ಟಿಗೆ.

ತುಂಡುಗಳನ್ನು ಒಂದೊಂದೇ ತಿರುವಿಟ್ಟೆ,
ಕೊಯ್ದ ಮುಖ ಗಾಳಿಗೆ.